ಎಂಟು ಡಿಸ್ಕಿನ ಸಣ್ಣ ಸರ್ವರ್‌ಗೆ ಕಡಿಮೆ ಖರ್ಚಿನ ಕಂಟ್ರೋಲರ್ ಕಾರ್ಡ್: ಆರಿಸುವುದು, ಕೊಳ್ಳುವುದು, ಕೂರಿಸುವುದು

"ಬೋರ್ಡ್‌ನಲ್ಲಿರುವುದು ನಾಲ್ಕೇ ಸಾಟಾ ಪೋರ್ಟ್, ನನ್ನ ಹತ್ತಿರ ಡಿಸ್ಕು ಎಂಟಿವೆ. ಯಾವ ಕಾರ್ಡ್ ಹಾಕಲಿ?" ಮನೆಗೋ ಸಣ್ಣ ಕಚೇರಿಗೋ ಫೈಲ್ ಸರ್ವರ್ ಕಟ್ಟಲು ಹೊರಟವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಸಾಟಾ ಅಂದರೆ ಸಾಮಾನ್ಯ ಕಂಪ್ಯೂಟರಿಗೆ ಡಿಸ್ಕು ಜೋಡಿಸುವ ಸಂಪರ್ಕ ವಿಧಾನ. ಹುಡುಕಿದರೆ ಕಣ್ಣಿಗೆ ಬೀಳುವುದು ಎರಡು ಬಗೆ: ಹದಿನಾರು, ಇಪ್ಪತ್ತು ಪೋರ್ಟ್ ಇರುವ ಅಗ್ಗದ ಸಾಟಾ ಕಾರ್ಡ್ ಒಂದು, ಬೆಲೆ ಕೇಳಿದರೆ ಎದೆ ನಡುಗಿಸುವ ಹೊಸ ರೇಡ್ ಕಾರ್ಡ್ ಇನ್ನೊಂದು. ರೇಡ್ ಅಂದರೆ ಹಲವು ಡಿಸ್ಕುಗಳನ್ನು ಒಂದಾಗಿ ಸೇರಿಸಿ ನಡೆಸುವ ವಿಧಾನ. ನಿಮಗೆ ಎರಡೂ ಬೇಡ. ದೊಡ್ಡ ಸಂಸ್ಥೆಗಳು ಹಳೆಯ ಸರ್ವರ್‌ಗಳನ್ನು ವಿಲೇವಾರಿ ಮಾಡಿದಾಗ ಬಿಚ್ಚಿ ಮಾರುವ ಎಚ್‌ಬಿಎ ಕಾರ್ಡ್ ಸಾಕು. ಎಚ್‌ಬಿಎ ಅಂದರೆ ಹೋಸ್ಟ್ ಬಸ್ ಅಡಾಪ್ಟರ್. ಡಿಸ್ಕುಗಳನ್ನು ಇದ್ದದ್ದು ಇದ್ದ ಹಾಗೆ ಆಪರೇಟಿಂಗ್ ಸಿಸ್ಟಮ್‌ಗೆ ತೋರಿಸುವುದಷ್ಟೇ ಅದರ ಕೆಲಸ.

ಆದರೆ ಈ ಕಾರ್ಡುಗಳು ಹತ್ತಾರು ಹೆಸರಲ್ಲಿ ಸಿಗುತ್ತವೆ. ಹೆಸರು ನೋಡಿ ಕೊಂಡರೆ ಮೋಸ ಹೋಗುತ್ತೀರಿ. ನೋಡಬೇಕಾದ್ದು ಎರಡನ್ನು: ಒಳಗಿನ ಚಿಪ್ ಯಾವುದು, ಅದರಲ್ಲಿರುವ ಫರ್ಮ್‌ವೇರ್, ಅಂದರೆ ಕಾರ್ಡಿನೊಳಗೇ ಕೂತು ಅದನ್ನು ನಡೆಸುವ ಸಾಫ್ಟ್‌ವೇರ್, ಯಾವುದು.

1. ಕಾರ್ಡ್ ನಿಜವಾಗಿ ಬೇಕೇ?

ಮದರ್‌ಬೋರ್ಡಿನ ಕೈಪಿಡಿ ತೆಗೆದು ಸಾಟಾ ಪೋರ್ಟ್ ಎಷ್ಟಿವೆ ನೋಡಿ. ಎಂ.2 ಸ್ಲಾಟಿಗೆ ಎಸ್‌ಎಸ್‌ಡಿ ಹಾಕಿದರೆ ಒಂದೆರಡು ಸಾಟಾ ಪೋರ್ಟ್ ಸತ್ತುಹೋಗುವ ಬೋರ್ಡುಗಳು ಬಹಳ ಇವೆ. ಕೈಪಿಡಿಯಲ್ಲಿ ಸಣ್ಣ ಅಕ್ಷರದ ಟಿಪ್ಪಣಿಯಾಗಿ ಅದು ಇರುತ್ತದೆ. ಮುಂದಿನ ಎರಡು ಮೂರು ವರ್ಷದಲ್ಲಿ ಸೇರುವ ಡಿಸ್ಕನ್ನೂ ಲೆಕ್ಕ ಹಾಕಿ. ಹಾಗೆಯೇ, 2 ಟಿಬಿಯ ಎಂಟು ಹಳೆಯ ಡಿಸ್ಕಿನ ಬದಲು 8 ಟಿಬಿಯ ಎರಡು ಮೂರು ಡಿಸ್ಕು ಕೊಂಡರೆ ಕಾರ್ಡೇ ಬೇಕಾಗದೆ ಹೋಗಬಹುದು. ಕರೆಂಟ್ ಬಿಲ್ಲೂ ಇಳಿಯುತ್ತದೆ.

ಕೊರತೆ ಬರೀ ಎರಡರಿಂದ ಆರು ಪೋರ್ಟಿನದ್ದಾದರೆ ನೇರ ಐದನೇ ಹಂತಕ್ಕೆ ಹೋಗಿ.

2. ಸ್ಲಾಟ್ ಅಳೆಯಿರಿ

ಎಂಟು ಪೋರ್ಟಿನ ಎಚ್‌ಬಿಎ ಕಾರ್ಡುಗಳ ಅಂಚು ಪಿಸಿಐ ಎಕ್ಸ್‌ಪ್ರೆಸ್ ಎಕ್ಸ್8 ಅಳತೆಯದು. ಎಕ್ಸ್‌ನ ಮುಂದಿರುವ ಅಂಕಿ ಲೇನ್‌ಗಳ ಸಂಖ್ಯೆ, ಅಂದರೆ ಡೇಟಾ ಓಡುವ ದಾರಿಗಳೆಷ್ಟು ಎಂಬುದು. ಸ್ಲಾಟಿನ ಉದ್ದವೇ ಬೇರೆ, ಅದರೊಳಗೆ ನಿಜವಾಗಿ ಜೋಡಿಸಿರುವ ಲೇನ್ ಎಷ್ಟು ಎಂಬುದೇ ಬೇರೆ. ಸಾಮಾನ್ಯ ಡೆಸ್ಕ್‌ಟಾಪ್ ಬೋರ್ಡುಗಳಲ್ಲಿ ಎರಡನೆಯ ಉದ್ದನೆಯ ಎಕ್ಸ್16 ಸ್ಲಾಟಿಗೆ ಹಲವು ಸಲ ನಾಲ್ಕೇ ಲೇನ್ ಕೊಟ್ಟಿರುತ್ತಾರೆ. ಕಾರ್ಡ್ ಅಲ್ಲೂ ಕೆಲಸ ಮಾಡುತ್ತದೆ, ವೇಗ ಮಾತ್ರ ಅರ್ಧ. ಹಿಂಬದಿ ಮುಚ್ಚಿದ ಪುಟ್ಟ ಎಕ್ಸ್4 ಸ್ಲಾಟಿನೊಳಗೆ ಎಕ್ಸ್8 ಕಾರ್ಡ್ ಇಳಿಯುವುದೇ ಇಲ್ಲ.

ಆ ಅರ್ಧ ವೇಗಕ್ಕೆ ಹೆದರಬೇಕೇ? ಲೆಕ್ಕ ನೋಡಿ. ಪಿಸಿಐ ಎಕ್ಸ್‌ಪ್ರೆಸ್ 2.0ರಲ್ಲಿ ಒಂದು ಲೇನ್ ಸೆಕೆಂಡಿಗೆ ಹೆಚ್ಚೆಂದರೆ 500 ಎಂಬಿ ಸಾಗಿಸುತ್ತದೆ, 3.0ರಲ್ಲಿ ಸುಮಾರು 985 ಎಂಬಿ. ಇಂದಿನ ಒಳ್ಳೆಯ 3.5 ಇಂಚಿನ ಹಾರ್ಡ್ ಡಿಸ್ಕ್ ಒಂದೇ ಸಮನೆ ಓದಿದರೂ ಸಾಮಾನ್ಯವಾಗಿ 200ರಿಂದ 290 ಎಂಬಿ ಆಸುಪಾಸು. ಎಂಟೂ ಡಿಸ್ಕು ಒಟ್ಟಿಗೆ ಓಡಿದರೆ 2000 ಎಂಬಿ ಆಸುಪಾಸು. 2.0 ಕಾರ್ಡ್ ಎಕ್ಸ್8ರಲ್ಲಿ ಕೂತರೆ 4000ದವರೆಗೆ ದಾರಿ ಇದೆ, ಧಾರಾಳ. ಎಕ್ಸ್4ರಲ್ಲಿ ಕೂತರೆ 2000, ಅದೂ ಕಾಗದದ ಮೇಲೆ. ಕೈಗೆ ಸಿಗುವುದು ಅದಕ್ಕಿಂತ ಕಡಿಮೆ. ಆದರೂ ನಿಮ್ಮ ನೆಟ್‌ವರ್ಕ್ ಒಂದು ಗಿಗಾಬಿಟ್ಟಿನದ್ದಾದರೆ ಸರ್ವರ್‌ನಿಂದ ಹೊರಗೆ ಹೋಗುವುದೇ ಸೆಕೆಂಡಿಗೆ 110-115 ಎಂಬಿ. ದಿನಬಳಕೆಯಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ. ಕೆಟ್ಟ ಡಿಸ್ಕ್ ಬದಲಿಸಿ ರೇಡ್ ಮತ್ತೆ ಕಟ್ಟುವಾಗ ಮಾತ್ರ ಒಂದಿಷ್ಟು ಹೊತ್ತು ಹೆಚ್ಚು ಹಿಡಿಯುತ್ತದೆ.

3. ರೇಡ್ ಕಾರ್ಡಿನ ಆಸೆ ಬಿಡಿ

ಝಡ್‌ಎಫ್‌ಎಸ್, ಲಿನಕ್ಸ್‌ನ ಎಂಡಿ ರೇಡ್, ಬಿಟಿಆರ್‌ಎಫ್‌ಎಸ್, ಅನ್‌ರೇಡ್: ಇವೆಲ್ಲ ಸಾಫ್ಟ್‌ವೇರಿನಲ್ಲೇ ರೇಡ್ ನಡೆಸುತ್ತವೆ. ಇವಕ್ಕೆ ಡಿಸ್ಕು ನೇರವಾಗಿ ಕಾಣಬೇಕು. ನಡುವೆ ರೇಡ್ ಕಾರ್ಡ್ ಕೂತರೆ ಡಿಸ್ಕಿನ ಸ್ಮಾರ್ಟ್ ಮಾಹಿತಿ, ಅಂದರೆ ಡಿಸ್ಕು ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ದಾಖಲೆ, ಮರೆಯಾಗುತ್ತದೆ. ಬರೆದದ್ದು ಡಿಸ್ಕಿನ ತಟ್ಟೆಗೆ ಇಳಿಯಿತೋ ಕಾರ್ಡಿನ ಕ್ಯಾಶ್‌ನಲ್ಲೇ (ತಾತ್ಕಾಲಿಕ ಮೆಮೊರಿಯಲ್ಲೇ) ಉಳಿಯಿತೋ ಎಂಬುದು ಫೈಲ್ ಸಿಸ್ಟಮ್‌ಗೆ ತಿಳಿಯುವುದಿಲ್ಲ. ಹಳೆಯ ರೇಡ್ ಕಾರ್ಡಿನ ಬ್ಯಾಟರಿ ಸಾಮಾನ್ಯವಾಗಿ ಸತ್ತಿರುತ್ತದೆ, ಆಗ ಕಾರ್ಡ್ ಬರೆಯುವ ಕ್ಯಾಶನ್ನು ತಾನಾಗಿ ನಿಲ್ಲಿಸಿ ಆಮೆಯಾಗುತ್ತದೆ.

ಎಲ್ಲರೂ ಬೀಳುವ ಒಂದು ಹಳ್ಳ ಇಲ್ಲಿದೆ. "ರೇಡ್ ಕಾರ್ಡಿನಲ್ಲಿ ಪ್ರತಿ ಡಿಸ್ಕನ್ನೂ ಒಂಟಿ ರೇಡ್ 0 ಮಾಡಿ ಕೊಟ್ಟರಾಯಿತು" ಎಂದು ಸಲಹೆ ಕೊಡುವವರಿದ್ದಾರೆ. ಮಾಡಬೇಡಿ. ಕಾರ್ಡ್ ತನ್ನ ಗುರುತಿನ ಮಾಹಿತಿಯನ್ನು ಡಿಸ್ಕಿನ ಮೇಲೆ ಬರೆದಿಡುತ್ತದೆ. ಕಾರ್ಡ್ ಸುಟ್ಟರೆ ಅದೇ ಕುಟುಂಬದ ಇನ್ನೊಂದು ಕಾರ್ಡ್ ಹುಡುಕುತ್ತಾ ಅಲೆಯಬೇಕು.

4. ಚಿಪ್ ಆರಿಸಿ

ಈ ಮಾರುಕಟ್ಟೆಯ ಬಹುಪಾಲು ಎಲ್‌ಎಸ್‌ಐ ಕಂಪನಿಯ ಚಿಪ್ಪುಗಳದು. 2014ರಲ್ಲಿ ಅವಾಗೊ ಅದನ್ನು ಕೊಂಡಿತು. ಮುಂದೆ ಅವಾಗೊ ಬ್ರಾಡ್‌ಕಾಮನ್ನು ಕೊಂಡು ಆ ಹೆಸರನ್ನೇ ಇಟ್ಟುಕೊಂಡಿತು. ಹಾಗಾಗಿ ಒಂದೇ ಕಾರ್ಡಿನ ಮೇಲೆ ಮೂರರಲ್ಲಿ ಯಾವ ಹೆಸರಾದರೂ ಇರಬಹುದು, ಗಾಬರಿ ಬೇಡ. ಡೆಲ್, ಐಬಿಎಂ, ಎಚ್‌ಪಿ, ಫುಜಿತ್ಸು ಕಾರ್ಡುಗಳೊಳಗೂ ಇದೇ ಚಿಪ್ಪುಗಳಿವೆ.

ಇವೆಲ್ಲ ಸ್ಯಾಸ್ ಚಿಪ್ಪುಗಳು. ಸ್ಯಾಸ್ ಎಂಬುದು ಸರ್ವರ್ ಡಿಸ್ಕುಗಳ ಸಂಪರ್ಕ ವಿಧಾನ. ಸ್ಯಾಸ್ ಕಾರ್ಡಿಗೆ ಸಾಮಾನ್ಯ ಸಾಟಾ ಡಿಸ್ಕು ಹಾಕಬಹುದು. ಸಾಟಾ ಪೋರ್ಟಿಗೆ ಸ್ಯಾಸ್ ಡಿಸ್ಕು ಹಾಕಲಾಗದು.

ಸ್ಯಾಸ್ 1068ಇ: ಅತಿ ಅಗ್ಗ, ಮುಟ್ಟಬೇಡಿ. ಐಬಿಎಂ ಬಿಆರ್10ಐ, ಡೆಲ್ ಸ್ಯಾಸ್ 6/ಐಆರ್ ಇದೇ ಚಿಪ್ಪಿನವು. 2 ಟಿಬಿಗಿಂತ ದೊಡ್ಡ ಡಿಸ್ಕನ್ನು ಪೂರ್ತಿ ಗುರುತಿಸುವುದಿಲ್ಲ, ಯಾವ ಫರ್ಮ್‌ವೇರಿನಿಂದಲೂ ಇದು ಸರಿಹೋಗದು. 4 ಟಿಬಿ ಡಿಸ್ಕು 2 ಟಿಬಿ ಎಂದು ತೋರಿಸುತ್ತಿದ್ದರೆ ಮೊದಲ ಅನುಮಾನ ಇದರ ಮೇಲೆ.

ಸ್ಯಾಸ್ 2008: ಪಿಸಿಐ ಎಕ್ಸ್‌ಪ್ರೆಸ್ 2.0 ಎಕ್ಸ್8, ಪ್ರತಿ ಪೋರ್ಟಿಗೆ 6 ಗಿಗಾಬಿಟ್. ಮೂಲ ಕಾರ್ಡ್ ಎಲ್‌ಎಸ್‌ಐ 9211-8ಐ. ಕೊನೆಯ "8ಐ" ಅಂದರೆ ಎಂಟು ಒಳ ಪೋರ್ಟ್. "8ಇ" ಎಂದಿದ್ದರೆ ಪೋರ್ಟುಗಳು ಪೆಟ್ಟಿಗೆಯ ಹೊರಗೆ ತೆರೆಯುತ್ತವೆ, ನಿಮಗೆ ಉಪಯೋಗವಿಲ್ಲ. ಐಬಿಎಂ ಎಂ1015, ಡೆಲ್ ಎಚ್200 ಮತ್ತು ಎಚ್310 ಇದೇ ಚಿಪ್ಪಿನ ಬೇರೆ ವೇಷಗಳು. ಎಚ್310 ತನ್ನ ಮೂಲ ಫರ್ಮ್‌ವೇರಿನಲ್ಲಿ ಒಮ್ಮೆಗೆ 25 ಆದೇಶಗಳನ್ನಷ್ಟೇ ಸರದಿಯಲ್ಲಿ ಇಟ್ಟುಕೊಳ್ಳುತ್ತದೆ, ಹಲವು ಡಿಸ್ಕು ಒಟ್ಟಿಗೆ ದುಡಿದರೆ ತೆವಳುತ್ತದೆ. ಫರ್ಮ್‌ವೇರ್ ಬದಲಿಸಿದರೆ ಈ ಮಿತಿ 600ಕ್ಕೆ ಏರುತ್ತದೆ.

ಸ್ಯಾಸ್ 2308: ಪೋರ್ಟಿನ ವೇಗ ಅಷ್ಟೇ, ಆದರೆ ಪಿಸಿಐ ಎಕ್ಸ್‌ಪ್ರೆಸ್ 3.0. ಎಲ್‌ಎಸ್‌ಐ 9207-8ಐ, ಎಚ್‌ಪಿ ಎಚ್220. ನಾಲ್ಕು ಲೇನಿನ 3.0 ಸ್ಲಾಟಿನಲ್ಲಿ ಕೂತರೂ ಎಂಟು ಹಾರ್ಡ್ ಡಿಸ್ಕಿಗೆ ದಾರಿ ಸಾಲುತ್ತದೆ. ಬೆಲೆಯ ಅಂತರ ಸಣ್ಣದಾದರೆ 2008 ಬಿಟ್ಟು ಇದನ್ನೇ ಕೊಳ್ಳಿ. 9207 ಹುಟ್ಟಾ ಎಚ್‌ಬಿಎ, ಫರ್ಮ್‌ವೇರ್ ಸರ್ಕಸ್ಸು ಕಡಿಮೆ. ಎಂಟು ಹಾರ್ಡ್ ಡಿಸ್ಕಿನ ಸರ್ವರ್‌ಗೆ ನಮ್ಮ ಮೊದಲ ಆಯ್ಕೆ ಇದೇ.

ಸ್ಯಾಸ್ 3008: 12 ಗಿಗಾಬಿಟ್, 3.0 ಎಕ್ಸ್8. ಎಲ್‌ಎಸ್‌ಐ 9300-8ಐ, ಡೆಲ್ ಎಚ್‌ಬಿಎ330. ಎಸ್‌ಎಸ್‌ಡಿ ತುಂಬುವವರಿಗೆ, ಇನ್ನೂ ಹಲವು ವರ್ಷ ಸಾಫ್ಟ್‌ವೇರ್ ಬೆಂಬಲ ಬೇಕೆನ್ನುವವರಿಗೆ ಸರಿ. ಬರೀ ಹಾರ್ಡ್ ಡಿಸ್ಕಿಗೆ 12 ಗಿಗಾಬಿಟ್ ಎಂದು ಹೆಚ್ಚು ಹಣ ಸುರಿಯುವುದು ದಂಡ, ಡಿಸ್ಕೇ ಆ ವೇಗದ ಹತ್ತಿರ ಸುಳಿಯುವುದಿಲ್ಲ. ಇದರ ಅಣ್ಣ 9300-16ಐ ಒಂದೇ ಹಲಗೆಯ ಮೇಲೆ ಎರಡು ಚಿಪ್ ಕೂರಿಸಿದ ಕಾರ್ಡ್. ಕಾವು ಜಾಸ್ತಿ, ಗಾಳಿ ಕಡಿಮೆ ಇರುವ ಪೆಟ್ಟಿಗೆಗೆ ಆಗಿಬರುವುದಿಲ್ಲ.

ಆಪರೇಟಿಂಗ್ ಸಿಸ್ಟಮ್ ವಿಷಯ: ಡೆಬಿಯನ್, ಉಬುಂಟು, ಪ್ರಾಕ್ಸ್‌ಮಾಕ್ಸ್‌ಗಳಲ್ಲಿ ಎಂಪಿಟಿ3ಸ್ಯಾಸ್ ಎಂಬ ಡ್ರೈವರ್ 2008, 2308, 3008 ಮೂರೂ ಚಿಪ್ಪನ್ನು ನಡೆಸುತ್ತದೆ, ಬೇರೇನೂ ಹಾಕಬೇಕಿಲ್ಲ. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ ಮಾತ್ರ ತನ್ನ 8ನೇ ಆವೃತ್ತಿಯಲ್ಲಿ 2008 ಚಿಪ್ಪಿನ ಬೆಂಬಲ ಕೈಬಿಟ್ಟಿದೆ. ಅದನ್ನು ಬಳಸುವವರು ಆ ಚಿಪ್ ಕೊಳ್ಳಬೇಡಿ.

5. ಅಗ್ಗದ ಸಾಟಾ ಕಾರ್ಡ್ ಯಾವಾಗ ಸರಿ

ಎಲ್ಲ ಸಾಟಾ ಕಾರ್ಡೂ ಕೆಟ್ಟದ್ದಲ್ಲ. ಎಎಸ್‌ಮೀಡಿಯಾದ ಎಎಸ್‌ಎಂ1166 ಚಿಪ್ ಆರು ಪೋರ್ಟ್ ಕೊಡುತ್ತದೆ, ಜೆಮೈಕ್ರಾನ್‌ನ ಜೆಎಂಬಿ585 ಐದು. ಎರಡೂ 3.0 ಎಕ್ಸ್2, ಅಂದರೆ ಸೆಕೆಂಡಿಗೆ ಸುಮಾರು 1900 ಎಂಬಿ ದಾರಿ. ಐದಾರು ಹಾರ್ಡ್ ಡಿಸ್ಕಿಗೆ ಸಾಕು. ವಿದ್ಯುತ್ತನ್ನೂ ಕಡಿಮೆ ಎಳೆಯುತ್ತವೆ. ಸ್ಯಾಸ್ ಕಾರ್ಡ್ ಒಂದು ಹತ್ತು ವ್ಯಾಟ್ ಎಳೆದರೂ ವರ್ಷವಿಡೀ ಓಡುವ ಸರ್ವರ್‌ನಲ್ಲಿ ಅದು ಹೆಚ್ಚುಕಡಿಮೆ 88 ಯೂನಿಟ್. ಮೇಲಾಗಿ ಹಳೆಯ ಸ್ಯಾಸ್ ಕಾರ್ಡುಗಳು ಪ್ರೊಸೆಸರ್ ಆಳವಾದ ನಿದ್ದೆಗೆ ಜಾರದಂತೆ ಎಬ್ಬಿಸಿಟ್ಟುಕೊಳ್ಳುತ್ತವೆ.

ಕೊಳ್ಳಬಾರದ್ದು ಹತ್ತು, ಹದಿನಾರು, ಇಪ್ಪತ್ತು ಪೋರ್ಟಿನ ಕಾರ್ಡ್. ಅದರಲ್ಲಿ ಒಂದು ಸಣ್ಣ ಸಾಟಾ ಚಿಪ್ಪಿನ ಮುಂದೆ ಜೆಎಂಬಿ575ರಂಥ ಪೋರ್ಟ್ ಮಲ್ಟಿಪ್ಲೈಯರ್‌ಗಳನ್ನು ಸಾಲಾಗಿ ಕೂರಿಸಿರುತ್ತಾರೆ. ಮಲ್ಟಿಪ್ಲೈಯರ್ ಅಂದರೆ ಒಂದು ಸಾಟಾ ದಾರಿಯನ್ನು ಐದು ಡಿಸ್ಕಿಗೆ ಹಂಚುವ ಚಿಪ್. ವೇಗ ಹಂಚಿಹೋಗುವುದು ಒಂದು ತೊಂದರೆ, ಅದನ್ನಾದರೂ ಸಹಿಸಬಹುದು. ಒಂದು ಡಿಸ್ಕ್ ಕೈಕೊಟ್ಟು ಆ ದಾರಿ ರೀಸೆಟ್ ಆದಾಗ ಅದರ ಜೊತೆಗಿರುವ ನಾಲ್ಕೂ ಡಿಸ್ಕು ಒಟ್ಟಿಗೆ ಕಣ್ಮರೆಯಾಗುವುದು ನಿಜವಾದ ಅಪಾಯ. ರೇಡ್ 5, ರೇಡ್ 6 ಇರುವುದು ಒಂದೆರಡು ಡಿಸ್ಕು ಹೋದರೂ ತಡೆದುಕೊಳ್ಳಲಿಕ್ಕೆ, ಐದು ಒಮ್ಮೆಲೇ ಹೋದರೆ ತಡೆಯಲಿಕ್ಕಲ್ಲ. ಎಕ್ಸ್1 ಅಂಚಿನ ಕಾರ್ಡಿನಲ್ಲಿ ಆರಕ್ಕಿಂತ ಹೆಚ್ಚು ಪೋರ್ಟ್ ಕಂಡರೆ ಮುಂದೆ ಸಾಗಿ.

6. ಕೇಬಲ್ ಲೆಕ್ಕ

ಸ್ಯಾಸ್ ಕಾರ್ಡಿನಲ್ಲಿ ಎಂಟು ಪೋರ್ಟ್ ಎಂದರೆ ಎಂಟು ಕಿಂಡಿ ಇರುವುದಿಲ್ಲ. ಎರಡು ಕನೆಕ್ಟರ್ ಇದ್ದು, ಒಂದೊಂದರಿಂದ ನಾಲ್ಕು ಡಿಸ್ಕಿಗೆ ಕೇಬಲ್ ಕವಲೊಡೆಯುತ್ತದೆ. 2008 ಮತ್ತು 2308 ಕಾರ್ಡುಗಳಲ್ಲಿ ಇದು ಎಸ್‌ಎಫ್‌ಎಫ್-8087, 9300 ಸರಣಿಯಲ್ಲಿ ಇನ್ನೂ ಚಿಕ್ಕದಾದ ಎಸ್‌ಎಫ್‌ಎಫ್-8643. ಒಂದರ ಕೇಬಲ್ ಇನ್ನೊಂದಕ್ಕೆ ಕೂರದು. ಎಂಟು ಡಿಸ್ಕಿಗೆ ಎರಡು ಕೇಬಲ್ ಬೇಕು.

ಕೊಳ್ಳುವಾಗ "ಫಾರ್ವರ್ಡ್ ಬ್ರೇಕ್‌ಔಟ್" ಎಂದೇ ಕೇಳಿ. ಕಾರ್ಡಿನಿಂದ ಡಿಸ್ಕಿಗೆ ಹೋಗುವುದು ಅದು. "ರಿವರ್ಸ್ ಬ್ರೇಕ್‌ಔಟ್" ಮದರ್‌ಬೋರ್ಡಿನ ನಾಲ್ಕು ಸಾಟಾ ಪೋರ್ಟಿನಿಂದ ಸರ್ವರ್ ಪೆಟ್ಟಿಗೆಯ ಬ್ಯಾಕ್‌ಪ್ಲೇನ್‌ಗೆ, ಅಂದರೆ ಡಿಸ್ಕುಗಳನ್ನು ಸಿಗಿಸುವ ಹಲಗೆಗೆ, ಹೋಗುವಂಥದ್ದು. ನೋಡಲು ಎರಡೂ ಒಂದೇ, ಒಳಗಿನ ತಂತಿ ಜೋಡಣೆ ಬೇರೆ. ತಪ್ಪಾದುದನ್ನು ಹಾಕಿದರೆ ಏನೂ ಸುಡುವುದಿಲ್ಲ, ಆದರೆ ಒಂದು ಡಿಸ್ಕೂ ಕಾಣುವುದಿಲ್ಲ. ಕಾರ್ಡ್ ಕೆಟ್ಟಿದೆ ಎಂದು ವಾಪಸ್ ಕಳಿಸುವವರಲ್ಲಿ ಹಲವರ ಸಮಸ್ಯೆ ಇಷ್ಟೇ.

ಉದ್ದ 50ರಿಂದ 75 ಸೆಂ.ಮೀ. ಸಾಕು. ಸಾಟಾ ಡಿಸ್ಕಿಗೆ ಒಂದು ಮೀಟರ್ ಮೀರಬೇಡಿ.

7. ಕೊಳ್ಳುವ ಮುನ್ನ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡರೂ ಸರಿ, ಆನ್‌ಲೈನಿನಲ್ಲಿ ತರಿಸಿಕೊಂಡರೂ ಸರಿ, ಮಾರುವವರಿಂದ ಕಾರ್ಡಿನ ಎರಡೂ ಬದಿಯ ಫೋಟೊ ಕೇಳಿ. ಅಂಗಡಿಯಲ್ಲಾದರೆ ಬಿಲ್ಲಿನ ಮೇಲೆ ಬದಲಾವಣೆಯ ಅವಧಿ ಬರೆಸಿಕೊಳ್ಳಿ. ಹಿಂಬದಿಯ ಸ್ಟಿಕ್ಕರ್ ಮೇಲೆ ಸ್ಯಾಸ್ ವಿಳಾಸ ಎಂಬ 16 ಅಂಕಿ-ಅಕ್ಷರಗಳ ಸಾಲು ಇರಬೇಕು. ಚಿನ್ನದ ಬಣ್ಣದ ಅಂಚಿನಲ್ಲಿ ಗೀರು, ಹೀಟ್‌ಸಿಂಕ್ ಸುತ್ತ ಕಂದಿದ ಬಣ್ಣ ಕಂಡರೆ ಬೇಡ. "ಹೊಚ್ಚ ಹೊಸದು" ಎಂದು ತೀರಾ ಅಗ್ಗಕ್ಕೆ ಬರುವ 9211, 9300ಗಳು ಬಹುಮಟ್ಟಿಗೆ ನಕಲು. ಸರ್ವರ್‌ನಿಂದ ಬಿಚ್ಚಿದ ಹಳೆಯ ಅಸಲಿ ಕಾರ್ಡೇ ಮೇಲು.

ಡೆಲ್‌ನ "ಮಿನಿ" ಎಂಬ ಕಾರ್ಡುಗಳು ಆ ಕಂಪನಿಯ ಸರ್ವರ್‌ನ ವಿಶೇಷ ಜಾಗಕ್ಕೆ ಮಾತ್ರ, ನಿಮ್ಮ ಸ್ಲಾಟಿಗೆ ಅಲ್ಲ. ಕಾರ್ಡನ್ನು ಪೆಟ್ಟಿಗೆಗೆ ಬಿಗಿಯುವ ಲೋಹದ ಪಟ್ಟಿ ಗಿಡ್ಡದೋ ಉದ್ದದ್ದೋ ಕೇಳಿ. ಗಿಡ್ಡ ಪಟ್ಟಿಯೊಂದಿಗೆ ಬಂದು, ಉದ್ದದ್ದನ್ನು ಬೇರೆ ಹುಡುಕುವ ಪಾಡು ಸಾಮಾನ್ಯ.

ಮುಖ್ಯವಾಗಿ, "ಐಟಿ ಮೋಡ್ ಫರ್ಮ್‌ವೇರ್ ಹಾಕಿದೆಯೇ?" ಎಂದು ಕೇಳಿ. ಐಟಿ ಮೋಡ್‌ನಲ್ಲಿ ಕಾರ್ಡ್ ಬರೀ ಎಚ್‌ಬಿಎ. ಐಆರ್ ಮೋಡ್‌ನಲ್ಲಿ ಸಣ್ಣಪುಟ್ಟ ರೇಡ್ ಕೂಡ ಸೇರಿರುತ್ತದೆ. ಹಾಕಿದ್ದೇ ಸಿಕ್ಕರೆ ಸ್ವಲ್ಪ ಹೆಚ್ಚು ಕೊಟ್ಟಾದರೂ ಕೊಳ್ಳಿ. ಮುಂದಿನ ಹಂತದ ಅರ್ಧ ತಲೆನೋವು ತಪ್ಪುತ್ತದೆ.

8. ಫರ್ಮ್‌ವೇರ್

ಮೊದಲು ಇರುವುದೇನು ನೋಡಿ. 2008 ಮತ್ತು 2308ಕ್ಕೆ ಸ್ಯಾಸ್2ಫ್ಲ್ಯಾಶ್, 3008ಕ್ಕೆ ಸ್ಯಾಸ್3ಫ್ಲ್ಯಾಶ್ ಎಂಬ ಸಾಧನಗಳಿವೆ. ಪಟ್ಟಿ ಕೇಳಿದರೆ ಆವೃತ್ತಿ ಹೇಳುತ್ತವೆ. 2008, 2308 ಆದರೆ ಐಟಿ ಮೋಡ್ 20.00.07.00 ಇರಬೇಕು. 20ನೇ ಸರಣಿಯ ಮೊದಮೊದಲ ಬಿಡುಗಡೆಗಳಲ್ಲಿ ದೋಷವಿತ್ತು, ಆದ್ದರಿಂದ "20 ಇದೆ" ಎಂದಷ್ಟಕ್ಕೇ ಬಿಡದೆ ಕೊನೆಯ 07 ನೋಡಿ. 3008ಕ್ಕೆ 16.00.12.00. ಸರಿಯಾದದ್ದೇ ಇದ್ದರೆ ಕೈ ಹಚ್ಚಬೇಡಿ.

ಬದಲಿಸಲೇಬೇಕಾದರೆ:

ಅ. ಸ್ಟಿಕ್ಕರ್ ಮೇಲಿನ ಸ್ಯಾಸ್ ವಿಳಾಸ ಬರೆದಿಟ್ಟುಕೊಳ್ಳಿ. ಡಿಸ್ಕಿನ ಕೇಬಲ್ಲುಗಳನ್ನೆಲ್ಲ ಬಿಚ್ಚಿ. ಯುಪಿಎಸ್ ಇಲ್ಲದೆ ಶುರು ಮಾಡಬೇಡಿ, ಬರೆಯುವ ಮಧ್ಯೆ ಕರೆಂಟ್ ಹೋದರೆ ಕಾರ್ಡ್ ಕೆಲಸಕ್ಕೆ ಬಾರದ ಇಟ್ಟಿಗೆಯೇ.

ಆ. ಫ್ಯಾಟ್32 ಮಾಡಿದ ಪೆನ್‌ಡ್ರೈವಿಗೆ ಸಾಧನದ ಇಎಫ್‌ಐ ಆವೃತ್ತಿ, ಫರ್ಮ್‌ವೇರ್ ಫೈಲು ಎರಡನ್ನೂ ಹಾಕಿ, ಇಎಫ್‌ಐ ಶೆಲ್‌ನಿಂದ (ಆಪರೇಟಿಂಗ್ ಸಿಸ್ಟಮ್ ಏಳುವ ಮುಂಚೆಯೇ ಆದೇಶ ಕೊಡುವ ಪರದೆಯಿಂದ) ನಡೆಸಿ. ಹಳೆಯ ಬರಹಗಳು ಡಾಸ್‌ನಿಂದ ಮಾಡಲು ಹೇಳುತ್ತವೆ. ಈಗಿನ ಬಹಳಷ್ಟು ಬೋರ್ಡುಗಳಲ್ಲಿ ಅದು "ಪಿಎಎಲ್" ಎಂಬ ದೋಷ ತೋರಿಸಿ ನಿಂತುಬಿಡುತ್ತದೆ.

ಇ. ಫೈಲು ಆಯಾ ಕಾರ್ಡಿನದೇ ಆಗಿರಲಿ. 9211ರ ಫೈಲನ್ನು 9207ಕ್ಕೆ ಹಾಕಬೇಡಿ, ಚಿಪ್ಪೇ ಬೇರೆ.

ಈ. ಎಂ1015, ಎಚ್310ರಂಥ ಕಾರ್ಡಿನಲ್ಲಿ ಮೊದಲು ಹಳೆಯದನ್ನು ಅಳಿಸಿ, ಕಾರ್ಡಿನ ಗುರುತನ್ನು ಹೇಳುವ ಎಸ್‌ಬಿಆರ್ ಎಂಬ ಸಣ್ಣ ಭಾಗವನ್ನೂ ಬದಲಿಸಬೇಕು. ಅಳಿಸಿದ ಮೇಲೆ ಹೊಸದನ್ನು ಬರೆಯುವವರೆಗೆ ಯಂತ್ರ ಆಫ್ ಮಾಡಬೇಡಿ. ಎಸ್‌ಬಿಆರ್ ಬದಲಿಸಿದ ಮೇಲೆ ರೀಬೂಟ್ ಮಾಡಬೇಕೆಂದು ನೀವು ಅನುಸರಿಸುವ ವಿಧಾನ ಹೇಳಿದರೆ ಅದು ಹೇಳಿದ ಜಾಗದಲ್ಲಿ ಮಾತ್ರ ಮಾಡಿ.

ಉ. ಕಾರ್ಡಿನ ಡಿಸ್ಕಿನಿಂದ ಬೂಟ್ ಮಾಡುವುದಿಲ್ಲ ಎಂದಾದರೆ ಬೂಟ್ ರೋಮ್, ಅಂದರೆ ಕಾರ್ಡಿನಿಂದ ಬೂಟ್ ಮಾಡಿಸುವ ಫೈಲು, ಹಾಕಬೇಡಿ. ಸರ್ವರ್ ಏಳುವಾಗ ಕಾರ್ಡ್ ಡಿಸ್ಕು ಹುಡುಕುತ್ತಾ ಕೂರುವುದು ತಪ್ಪುತ್ತದೆ.

ಊ. ಕೊನೆಗೆ ಬರೆದಿಟ್ಟ ಸ್ಯಾಸ್ ವಿಳಾಸವನ್ನು ವಾಪಸ್ ಹಾಕಿ.

ಕಾರ್ಡ್ ಹಾಕಿದೊಡನೆ ಯಂತ್ರ ಬೂಟೇ ಆಗದಿದ್ದರೆ? ಡೆಲ್, ಐಬಿಎಂ ಕಾರ್ಡುಗಳು ಕೆಲವು ಡೆಸ್ಕ್‌ಟಾಪ್ ಬೋರ್ಡುಗಳಲ್ಲಿ ಹೀಗೆ ಮಾಡುತ್ತವೆ. ಎಸ್‌ಎಂಬಸ್ ಎಂಬ ನಿರ್ವಹಣಾ ತಂತಿಗಳು ಬೋರ್ಡಿನ ರ್‍ಯಾಮ್ ಪತ್ತೆಗೆ ಅಡ್ಡ ಬರುವುದು ಕಾರಣ. ಚಿಪ್ ಇರುವ ಬದಿಯನ್ನು ನಿಮ್ಮ ಕಡೆ ಹಿಡಿದು, ಲೋಹದ ಪಟ್ಟಿಯ ಕಡೆಯಿಂದ ಎಣಿಸಿ, ಅಂಚಿನ 5 ಮತ್ತು 6ನೇ ಪಿನ್ ಮೇಲೆ ಕ್ಯಾಪ್ಟಾನ್ ಟೇಪಿನ (ಕಾವು ತಡೆಯುವ, ವಿದ್ಯುತ್ ಹರಿಯಬಿಡದ ಟೇಪಿನ) ಕಿರುಚೂರು ಅಂಟಿಸಿ. ಪಕ್ಕದ ಪಿನ್ ಮುಚ್ಚಬಾರದು.

9. ಗಾಳಿ ಮತ್ತು ವಿದ್ಯುತ್

ಈ ಕಾರ್ಡುಗಳ ಮೇಲೆ ಫ್ಯಾನ್ ಇರುವುದಿಲ್ಲ. ನಿಮಿಷಕ್ಕೆ 200 ಅಡಿ ವೇಗದ ಗಾಳಿ ಹೀಟ್‌ಸಿಂಕ್ ಮೇಲೆ ಹಾಯುತ್ತದೆ ಎಂಬ ಲೆಕ್ಕದಲ್ಲಿ ಮಾಡಿದವು. ಸರ್ವರ್ ಪೆಟ್ಟಿಗೆಯ ಕಿರುಚುವ ಫ್ಯಾನುಗಳು ಅದನ್ನು ಕೊಡುತ್ತವೆ, ಮನೆಯ ಕ್ಯಾಬಿನೆಟ್ ಕೊಡುವುದಿಲ್ಲ. ಹೀಟ್‌ಸಿಂಕ್ ಮೇಲೆ 40 ಮಿ.ಮೀ. ಫ್ಯಾನೊಂದನ್ನು ಜಿಪ್ ಟೈನಿಂದ ಕಟ್ಟಿ, ಇಲ್ಲವೇ ಪಕ್ಕದಿಂದ 80 ಅಥವಾ 92 ಮಿ.ಮೀ. ಫ್ಯಾನ್ ನಿಧಾನಕ್ಕೆ ಊದುವಂತೆ ಇಡಿ. ಹತ್ತು ವರ್ಷ ಹಳೆಯ ಕಾರ್ಡಾದರೆ ಹೀಟ್‌ಸಿಂಕ್ ಬಿಚ್ಚಿ ಒಣಗಿದ ಥರ್ಮಲ್ ಪೇಸ್ಟ್ ಬದಲಿಸುವುದು ಒಳ್ಳೆಯದು. ಅಂಟಿಕೊಂಡು ಬರದಿದ್ದರೆ ಮೀಟಬೇಡಿ, ಹೇರ್ ಡ್ರೈಯರ್‌ನಿಂದ ಬೆಚ್ಚಗೆ ಮಾಡಿ ಮೆಲ್ಲಗೆ ತಿರುಗಿಸಿ.

3.5 ಇಂಚಿನ ಡಿಸ್ಕು ತಿರುಗಲು ಶುರುಮಾಡುವಾಗ 12 ವೋಲ್ಟಿನಲ್ಲಿ ಸುಮಾರು 2 ಆಂಪಿಯರ್ ಎಳೆಯುತ್ತದೆ. ಎಂಟಕ್ಕೆ 16 ಆಂಪಿಯರ್, ಅಂದರೆ 190 ವ್ಯಾಟ್ ಒಮ್ಮೆಲೇ. ಪವರ್ ಸಪ್ಲೈಯ ಮೇಲೆ ಬರೆದ ಒಟ್ಟು ವ್ಯಾಟ್ ಬದಲು 12 ವೋಲ್ಟ್ ಸಾಲಿನ ಆಂಪಿಯರ್ ಓದಿ. ಮೋಲೆಕ್ಸ್‌ನಿಂದ ಸಾಟಾಗೆ ಬದಲಿಸುವ ಅಗ್ಗದ ಎರಕದ ಕನೆಕ್ಟರುಗಳು ಒಳಗೇ ಶಾರ್ಟ್ ಆಗಿ ಬೆಂಕಿ ಹತ್ತಿಕೊಳ್ಳುವುದುಂಟು. ಅವುಗಳನ್ನು ಬಳಸಲೇಬೇಡಿ.

10. ಡೇಟಾ ಹಾಕುವ ಮೊದಲು ಪರೀಕ್ಷೆ

ಲಿನಕ್ಸ್‌ನಲ್ಲಿ ಎಲ್‌ಎಸ್‌ಪಿಸಿಐ ಆದೇಶದ ವಿವರವಾದ ರೂಪ ಓಡಿಸಿ, ಕಾರ್ಡಿನ ಲಿಂಕ್ ಸ್ಥಿತಿಯ ಸಾಲು ನೋಡಿ. ವೇಗ 2008 ಕಾರ್ಡಿಗೆ 5 ಜಿಟಿ (ಸೆಕೆಂಡಿಗೆ ಗಿಗಾಟ್ರಾನ್ಸ್‌ಫರ್), 2308 ಮತ್ತು 3008ಕ್ಕೆ 8 ಜಿಟಿ, ಅಗಲ ಸ್ಲಾಟಿನಷ್ಟು ಇರಬೇಕು. ಎಕ್ಸ್8 ಇರಬೇಕಾದಲ್ಲಿ ಎಕ್ಸ್1 ಕಂಡರೆ ಕಾರ್ಡ್ ತೆಗೆದು ಅಂಚನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ ಮತ್ತೆ ಒತ್ತಿ ಕೂರಿಸಿ.

ಬಳಿಕ ಎಂಟೂ ಡಿಸ್ಕನ್ನು ಒಟ್ಟಿಗೆ, ಮೊದಲಿಂದ ಕೊನೆಯವರೆಗೆ ಬರೀ ಓದಿಸಿ. ದೊಡ್ಡ ಡಿಸ್ಕಾದರೆ ಒಂದು ದಿನ ಹಿಡಿಯಬಹುದು, ಹಿಡಿಯಲಿ. ಕಾವು, ಕೇಬಲ್, ವಿದ್ಯುತ್ತಿನ ದೋಷ ಹೊರಬೀಳುವುದು ಎಲ್ಲವೂ ಒಟ್ಟಿಗೆ ದುಡಿದಾಗಲೇ. ಓದುವ ಸಮಯದಲ್ಲಿ ಕರ್ನಲ್ ಲಾಗ್, ಅಂದರೆ ಲಿನಕ್ಸ್ ದೋಷಗಳನ್ನು ಬರೆದಿಡುವ ದಾಖಲೆ, ತೆರೆದಿಟ್ಟುಕೊಳ್ಳಿ.

ದೋಷ ಬಂದರೆ ಎಷ್ಟು ಡಿಸ್ಕಿನಲ್ಲಿ ಬಂತು ಎಂಬುದೇ ಸುಳಿವು. ಒಂದೇ ಡಿಸ್ಕಾದರೆ ಆ ಡಿಸ್ಕು ಅಥವಾ ಕೇಬಲ್ಲಿನ ಆ ಕವಲು. ಕವಲುಗಳನ್ನು ಅದಲುಬದಲು ಮಾಡಿ, ದೋಷ ಕವಲಿನ ಜೊತೆ ಹೋಯಿತೋ ಡಿಸ್ಕಿನ ಜೊತೆ ಉಳಿಯಿತೋ ನೋಡಿ. ನಾಲ್ಕು ಒಟ್ಟಿಗೆ ಬಿದ್ದರೆ ಒಂದು ಕನೆಕ್ಟರ್ ಅಥವಾ ಇಡೀ ಕೇಬಲ್. ಎಂಟೂ ಬಿದ್ದರೆ ಕಾರ್ಡಿನ ಕಾವು ಇಲ್ಲವೇ ಪವರ್ ಸಪ್ಲೈ. ಸ್ಮಾರ್ಟ್ ಪಟ್ಟಿಯ 199ನೇ ಸಾಲು, ಅಂದರೆ ಸಿಆರ್‌ಸಿ ದೋಷಗಳ (ದಾರಿಯಲ್ಲಿ ಡೇಟಾ ಕೆಟ್ಟ ಸಲಗಳ) ಎಣಿಕೆ, ಏರುತ್ತಿದ್ದರೆ ಡಿಸ್ಕನ್ನು ದೂರಬೇಡಿ, ಕೇಬಲ್ ಬದಲಿಸಿ. ಈ ಎಣಿಕೆ ಸೊನ್ನೆಗೆ ಇಳಿಯುವುದಿಲ್ಲ, ಆದ್ದರಿಂದ ಹಳೆಯ ಡಿಸ್ಕಿನಲ್ಲಿ ಪರೀಕ್ಷೆಗೆ ಮುಂಚಿನ ಅಂಕಿ ಬರೆದಿಟ್ಟು ಹೋಲಿಸಿ.

ಎಸ್‌ಎಸ್‌ಡಿ ಇದ್ದರೆ ಅವನ್ನು ಮದರ್‌ಬೋರ್ಡಿನ ಸಾಟಾ ಪೋರ್ಟಿಗೇ ಹಾಕಿ, ಹಾರ್ಡ್ ಡಿಸ್ಕುಗಳನ್ನು ಕಾರ್ಡಿಗೆ ಬಿಡಿ. ಟ್ರಿಮ್, ಅಂದರೆ ಅಳಿಸಿದ ಜಾಗವನ್ನು ಎಸ್‌ಎಸ್‌ಡಿಗೆ ತಿಳಿಸುವ ಆದೇಶ, ಈ ಸ್ಯಾಸ್ ಕಾರ್ಡುಗಳ ಮೂಲಕ ಎಲ್ಲ ಸಾಟಾ ಎಸ್‌ಎಸ್‌ಡಿಗಳಿಗೂ ತಲುಪುವುದಿಲ್ಲ. ಪೂಲ್ (ಒಂದಾಗಿ ಸೇರಿಸಿದ ಡಿಸ್ಕುಗಳ ಗುಂಪು) ಕಟ್ಟುವಾಗ ಡಿಸ್ಕುಗಳನ್ನು ಎಸ್‌ಡಿಎ, ಎಸ್‌ಡಿಬಿ ಎಂದು ಹೆಸರಿಸದೆ ಸೀರಿಯಲ್ ಸಂಖ್ಯೆ ಇರುವ ಐಡಿಯಿಂದ ಹೆಸರಿಸಿ, ಅದೇ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳನ್ನು ಡಿಸ್ಕಿನ ಎದುರಿಗೆ ಕಾಣುವಂತೆ ಚೀಟಿ ಅಂಟಿಸಿ. ಮುಂದೊಮ್ಮೆ ಒಂದು ಡಿಸ್ಕು ಕೆಟ್ಟಾಗ ಎಂಟರಲ್ಲಿ ಯಾವುದನ್ನು ಎಳೆಯಬೇಕೆಂದು ಊಹಿಸುವ ಪ್ರಸಂಗ ಬರುವುದಿಲ್ಲ.